ಉರಿ ವಾಸಿಯಾದ ಕಾಲು

ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು. ಕಾಯಿಲೆ ಅವರದು, ಪಥ್ಯ ನನ್ನದು. ಅನ್ನ ಅಳೆದು ಬಡಿಸುವವಳು ನಾನು, ಮಾತ್ರೆ ನುಂಗಿದರೋ ಕಿಟಕಿಯಾಚೆ ಎಸೆದರೋ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುವವಳು ನಾನು, ಗುಂಡಿಗಳ ಡಬ್ಬಿಯೊಳಗೆ ಕೋಟಿನ ಗುಂಡಿಗಳ ಕೆಳಗೆ ಮಲಗಿರುವ ಬಿಸ್ಕತ್ತನ್ನು ಪತ್ತೆ ಹಚ್ಚುವವಳೂ ನಾನೇ. ಅವರ ಪಾಲಿಗೆ ಉಳಿದಿರುವುದು ಒಂದೇ ಕೆಲಸ, ಕಾಯಿಲೆಯ ಬಗ್ಗೆ ಭಾಷಣ ಮಾಡುವುದು. ಅದರಲ್ಲಿ ಮಾತ್ರ ಎತ್ತಿದ ಕೈ.

ಮನೆಯ ಮುಂದಿನ ಕೋಣೆಯೇ ಅವರ ಹೊಲಿಗೆ ಅಂಗಡಿ. ಎಲ್ಲರಿಗೂ ಅವರು ‘ಮಾಸ್ಟ್ರು’. ಕಾಲಲ್ಲಿ ತುಳಿಯುವ ಹಳೆಯ ಮಿಷಿನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಆಳೆತ್ತರದ ಕನ್ನಡಿ, ಗಿರಾಕಿಗಳು ಕೂತು ಹರಟೆ ಹೊಡೆಯಲು ಒಂದು ಬೆಂಚು. ಮೂವತ್ತೆರಡು ವರ್ಷದಿಂದ ಸೂಜಿ ಹಿಡಿದಿರುವ ಈ ಮನುಷ್ಯ ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡಿಕೊಳ್ಳಲು ಮಾತ್ರ ಒಳ್ಳೆಯ ದಿನ ಕಾಯುತ್ತಾರೆ. ಎರಡು ದಿನ ಅರೆಹೊಟ್ಟೆ ಉಂಡು, ಮೂರನೆಯ ದಿನ ಬೆಳಿಗ್ಗೆ ಚುಚ್ಚಿಕೊಂಡು, ಬಂದ ಅಂಕಿಯನ್ನು ಗಿರಾಕಿಗಳ ಎದೆ ಸೊಂಟದ ಅಳತೆ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿ ಗುಂಡಗೆ ಬರೆದಿಡುತ್ತಾರೆ. ಅಂಕಿ ಕಡಿಮೆ ಬಂದರೆ ಸಕ್ಕರೆ ನೋಡುವ ಆ ಮೀಟರಿನಂಥ ಮೀಟರ್ ಇಲ್ಲ. ಜಾಸ್ತಿ ಬಂದರೆ ಮೀಟರ್ ಕೆಟ್ಟಿದೆ, ಇಲ್ಲವೇ ನಾನು ಬೆರಳನ್ನು ಸರಿಯಾಗಿ ಹಿಡಿದುಕೊಳ್ಳಲಿಲ್ಲ.

ಹೋದ ವರ್ಷ ಪಾದದ ಉರಿ ಶುರುವಾಯಿತು. ಅಂಗಡಿ ಬಾಗಿಲು ಹಾಕಿದ್ದೇ ತಡ, ಬಕೆಟ್ಟಿಗೆ ತಣ್ಣೀರು ಹಾಕಿಸಿಕೊಂಡು ಕಾಲು ಮುಳುಗಿಸಿ ಕೂತುಬಿಡುತ್ತಿದ್ದರು.

"ಲೇ, ಕೆಂಡದ ಮೇಲೆ ನಿಂತ ಹಾಗಾಗ್ತಿದೆ ಕಣೇ."

"ಹೌದೌದು, ನಾನೇ ಹಾಸಿದೀನಿ ಕೆಂಡ. ಹೇಳಿದ ಮಾತು ಕೇಳಿದ್ರೆ ತಾನೆ? ಮೂರು ಹೆತ್ತವಳು ನಾನು, ಒಂದು ದಿನ ಹೀಗೆ ಗೋಳಾಡಿದ್ನಾ?"

ಡಾಕ್ಟರ ಹತ್ತಿರ ಹೋಗೋಣ ಎಂದು ನಾನೂ ಎರಡು ಸಲ ಹೇಳಿದೆ. ಎರಡೇ ಸಲ. ಆಮೇಲೆ ನನಗೂ ಸಾಕಾಯಿತು.

ಆಗ ಸಿಕ್ಕರು ಡ್ರಿಲ್ ಮೇಷ್ಟ್ರು. ಸ್ಕೂಲಿನಲ್ಲಿ ಮಕ್ಕಳಿಗೆ ಕವಾಯತು ಮಾಡಿಸಿ ನಿವೃತ್ತರಾದ ಈ ಮಹಾನುಭಾವರು ಪ್ಯಾಂಟಿನ ಸೊಂಟ ಅಗಲ ಮಾಡಿಸಿಕೊಳ್ಳಲು ಬಂದವರು ಹೋಗುವಾಗ ಮದ್ದನ್ನೂ ಬಿಟ್ಟು ಹೋದರು. "ಮಾಸ್ಟ್ರೇ, ಚಪ್ಪಲಿ ಬಿಸಾಕಿ ಅತ್ಲಾಗೆ. ದಿನಾ ಬೆಳಿಗ್ಗೆ ಬರಿಗಾಲಲ್ಲಿ ಪಾರ್ಕು ಸುತ್ತಿ. ಉರಿ ಹೇಗೆ ನಿಲ್ಲಲ್ಲ ನಾನೂ ನೋಡ್ತೀನಿ." ಹೇಳಿದ ಪುಣ್ಯಾತ್ಮನ ಕಾಲಲ್ಲಿ ದಪ್ಪ ಕಾಲುಚೀಲ, ಅದರ ಮೇಲೆ ಬೂಟು. ಅದು ನನ್ನ ಕಣ್ಣಿಗೆ ಬಿತ್ತು, ಇವರ ಕಣ್ಣಿಗೆ ಬೀಳಲಿಲ್ಲ.

ಹೆಂಡತಿ ಹನ್ನೊಂದು ವರ್ಷ ಬಡಕೊಂಡರೂ ಕಿವಿ ಮೇಲೆ ಹಾಕಿಕೊಳ್ಳದವರು ಮೇಷ್ಟ್ರ ಮಾತನ್ನು ಮಾರನೆಯ ದಿನದಿಂದಲೇ ಪಾಲಿಸತೊಡಗಿದರು. ಎಂಟು ತಿಂಗಳು ಕಳೆಯಿತು. ಉರಿ ಕಡಿಮೆಯಾಗುತ್ತ ಬಂತು. ಒಂದು ದಿನ ನಿಂತೇಹೋಯಿತು. ಅಬ್ಬಬ್ಬಾ, ಆಮೇಲಿನ ಅವರ ಜಂಬ ನೋಡಬೇಕಿತ್ತು! ಅಂಗಿ ಹೊಲಿಸಲು ಬಂದವರೆಲ್ಲ ಬೆಂಚಿನ ಮೇಲೆ ಕೂತು ಉಪದೇಶ ಕೇಳಿಯೇ ಹೋಗಬೇಕು.

"ಕಾಯಿಲೆಗೆ ಹೆದರ್ಬಾರದು ರೀ. ನನ್ನ ನೋಡಿ, ಕಲ್ಲು ಮುಳ್ಳು ಯಾವುದೂ ಗೊತ್ತೇ ಆಗಲ್ಲ. ಪಾದ ಹಂಗೆ ಪಳಗಿಬಿಟ್ಟಿದೆ."

ಇಬ್ಬರು ಗಿರಾಕಿಗಳು ಆಗಲೇ ಚಪ್ಪಲಿ ಬಿಟ್ಟಿದ್ದರು. ಸುಳ್ಳು ಯಾಕೆ ಹೇಳಲಿ, ನನಗೂ ಒಳಗೊಳಗೇ ಖುಷಿಯಾಗಿತ್ತು. ಬಕೆಟ್ಟು ಹೊರುವುದು ತಪ್ಪಿತಲ್ಲ.

ಮಿಷಿನ್ನನ್ನು ಅವರು ಯಾವಾಗಲೂ ಬರಿಗಾಲಲ್ಲೇ ತುಳಿಯುತ್ತಿದ್ದುದು. ಚಪ್ಪಲಿ ಹಾಕಿಕೊಂಡು ತುಳಿದರೆ ಪೆಡಲಿನ ಹದ ತಿಳಿಯುವುದಿಲ್ಲ ಎಂದು ಅವರಿಗೆ ಕಲಿಸಿದ ಗುರುಗಳು ಹೇಳಿದ್ದರಂತೆ. ಹೊಲಿಗೆ ಅಂಗಡಿಯ ನೆಲವೆಂದರೆ ಕೇಳಬೇಕೆ? ಚಿಂದಿ, ನೂಲು, ಸೂಜಿ, ಗುಂಡುಸೂಜಿ. ಸಂಜೆ ನಾನು ದಾರಕ್ಕೆ ಅಯಸ್ಕಾಂತ ಕಟ್ಟಿ ನೆಲದ ಮೇಲೆ ಎಳೆದಾಡಿ ಸಿಕ್ಕಿದ್ದನ್ನೆಲ್ಲ ಬಾಚಿ ಕೊಟ್ಟರೆ, ಅವರು ಎಣಿಸಿ ಡಬ್ಬಿಗೆ ಹಾಕುತ್ತಾರೆ. ಬಣ್ಣದ ಗಾಜಿನ ತಲೆಯ ಎರಡು ಡಜನ್ ಗುಂಡುಸೂಜಿ ಇವೆ. ಅವೆಂದರೆ ಅವರಿಗೆ ಪ್ರಾಣ. ಒಂದು ಕಡಿಮೆಯಾದರೂ ಮನೆಯಲ್ಲಿ ನೆಮ್ಮದಿಯಿಲ್ಲ.

ಹೋದ ತಿಂಗಳು ಒಂದು ಕಡಿಮೆಯಾಯಿತು. ಹಸಿರು ತಲೆಯದು.

"ನಿನ್ನ ಪೊರಕೆಗೇ ಹೋಗಿರೋದು. ಗುಡಿಸೋವಾಗ ಕಣ್ಣು ಎಲ್ಲಿಟ್ಟಿರ್ತೀಯಾ?"

"ನಿಮ್ಮ ಕಣ್ಣಿಗೆ ಕಾಣದ್ದು ನನ್ನ ಪೊರಕೆಗೆ ಕಾಣತ್ತಾ?"

ಮೂರು ದಿನ ಇದೇ ಜಗಳ. ಕಸದ ಬುಟ್ಟಿ ಬೋರಲು ಹಾಕಿಸಿದರು, ಚಾಪೆ ಕೊಡವಿಸಿದರು, ನನ್ನ ಸೆರಗಿಗೂ ಅಯಸ್ಕಾಂತ ಹಿಡಿದು ನೋಡಿದರು. ನಾನು ಮುಖ ಗಂಟು ಹಾಕಿಕೊಂಡು ಒಲೆಯ ಮುಂದೆ ನಿಂತೆ, ಎರಡು ಹೊತ್ತು ಮಾತು ಬಿಟ್ಟೆ.

ನಾಲ್ಕನೆಯ ದಿನ ಬೆಳಿಗ್ಗೆ ಅಂಗಡಿಯ ನೆಲ ಒರೆಸುವಾಗ ಮೇಜಿನಿಂದ ಮಿಷಿನ್ನಿನವರೆಗೆ ಕಂದುಬಣ್ಣದ ಚುಕ್ಕೆಗಳು ಕಂಡವು. ಯಾವುದಾದರೂ ಬಟ್ಟೆಯ ಬಣ್ಣ ಬಿಟ್ಟಿರಬೇಕು ಎಂದುಕೊಂಡೆ. ಒರೆಸಿದರೆ ನೀರು ಕೆಂಪಗಾಯಿತು.

"ರೀ, ಕಾಲೆತ್ತಿ."

"ಈಗ ತಾನೆ ತೋಳು ಜೋಡಿಸ್ತಿದೀನಿ, ಆಮೇಲೆ..."

"ಎತ್ತೀಂದ್ರೆ ಎತ್ತಿ!"

ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ, ದಪ್ಪ ಚರ್ಮದ ನಡುವೆ, ಹಸಿರು ಮಣಿಯೊಂದು ಕೂತಿತ್ತು. ಸೂಜಿ ಪೂರ್ತಿ ಒಳಗೆ ಇಳಿದು ತಲೆ ಮಾತ್ರ ಹೊರಗಿತ್ತು. ಸುತ್ತ ಊದಿಕೊಂಡು ಕೆಂಪಗಾಗಿತ್ತು, ವಾಸನೆಯೂ ಬರುತ್ತಿತ್ತು. ಅವರು ಕಾಲು ತಿರುಗಿಸಿ ಬಗ್ಗಿ ನೋಡಿದರು. ಮುಖ ಅರಳಿತು.

"ಅರೆ! ಸಿಕ್ತಲ್ಲೇ!"

ಇಂಥವರನ್ನು ಕಟ್ಟಿಕೊಂಡು ಏನು ಮಾಡಲಿ, ನೀವೇ ಹೇಳಿ. ಮೂರು ದಿನ ಆ ಸೂಜಿಯ ಮೇಲೆ ನಿಂತುಕೊಂಡು ಅದನ್ನೇ ಹುಡುಕಿದ್ದಾರೆ. ಅದರ ಮೇಲೇ ನಡೆದು ಪಾರ್ಕು ಸುತ್ತಿ ಬಂದಿದ್ದಾರೆ. ಕಿತ್ತು ಡಬ್ಬಿಗೆ ಹಾಕಲು ಕೈ ಹಾಕಿದವರನ್ನು ತಡೆದು, ಕಾಲಿಗೆ ಬಟ್ಟೆ ಸುತ್ತಿ, ಆಟೋದಲ್ಲಿ ಕೂರಿಸಿಕೊಂಡು ಕ್ಲಿನಿಕ್ಕಿಗೆ ಹೊರಟೆ. ದಾರಿಯುದ್ದಕ್ಕೂ ಬೈದೆ. ಬೈಯುವುದು ನಿಲ್ಲಿಸಿದರೆ ಅಳು ಬರುತ್ತದೆ ಎಂದು ನನಗೆ ಗೊತ್ತಿತ್ತು.

ಡಾಕ್ಟ್ರಮ್ಮ ಚಿಕ್ಕ ವಯಸ್ಸಿನವಳು, ನನ್ನ ಕೊನೆಯ ಮಗಳ ವಾರಿಗೆ. ಮಾತು ಕಡಿಮೆ. ಚಿಮಟದಲ್ಲಿ ಸೂಜಿ ಎಳೆದು ತೆಗೆದಳು, ಗಾಯ ಬಿಡಿಸಿದಳು, ಒತ್ತಿ ಕೀವು ತೆಗೆದು ತೊಳೆದಳು. ನೋಡುತ್ತಿದ್ದ ನನಗೇ ಕಣ್ಣು ಕತ್ತಲೆ ಬಂತು. ಇವರು ಗೋಡೆಯ ಕ್ಯಾಲೆಂಡರ್ ಓದುತ್ತ ಕೂತಿದ್ದರು.

"ನೋಡಿದ್ರಾ ಡಾಕ್ಟ್ರಮ್ಮ, ಕಮಕ್ ಕಿಮಕ್ ಅಂದ್ನಾ? ಬರಿಗಾಲಲ್ಲಿ ನಡೆದು ಪಳಗಿದ ಪಾದ ಇದು. ಹೋದ ವರ್ಷ ಎಂಥಾ ಉರಿ ಇತ್ತು ಅಂತೀರಿ! ಈಗ ಪೂರ್ತಿ ವಾಸಿ."

ಅವಳು ನಗಲಿಲ್ಲ. "ಉರಿ ಇದ್ದಾಗ ಯಾಕೆ ಬರ್ಲಿಲ್ಲ?" ಎಂದಳು.

ಇವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಅದು ವಾಸಿಯಾಗಿದ್ದಲ್ಲ ಮಾಸ್ಟ್ರೇ. ಸಕ್ಕರೆಯಿಂದ ನರ ಹಾಳಾಗ್ತಾ ಇದ್ದಾಗ ಉರೀತಿತ್ತು. ಈಗ ಆ ನರ ಸತ್ತಿರಬಹುದು. ಸೂಜಿ ಮೂಳೆಗೆ ತಗುಲಿದೆಯಾ ಅಂತ ಎಕ್ಸರೇ ತೆಗೆಸೋಣ. ಅಲ್ಲಿಗೂ ಕೀವು ಹೋಗಿದ್ರೆ ಬೆರಳು ಉಳಿಸೋದು ಕಷ್ಟ. ಈ ಸಲ ಉಳಿದ್ರೂ, ಚುಚ್ಚಿದ್ದು ಗೊತ್ತೇ ಆಗ್ದಿದ್ರೆ ಮುಂದಿನ ಸಲ ಕಾಲಿಗೇ ಬರತ್ತೆ. ಎಷ್ಟು ಸ್ಪರ್ಶ ಉಳಿದಿದೆ, ಮೊದಲು ಅದನ್ನ ನೋಡ್ತೀನಿ."

ಬೆರಳು, ಆಮೇಲೆ ಕಾಲು. ಎಷ್ಟು ಸಲೀಸಾಗಿ ಹೇಳಿದಳು! ಆ ಮನುಷ್ಯ ಕೆಂಡ ಕೆಂಡ ಎಂದು ಬಾಯಿ ಬಡಿದುಕೊಂಡಾಗ ಗೇಲಿ ಮಾಡಿ ಬಾಯಿ ಮುಚ್ಚಿಸಿದವಳು ನಾನು. ಉರಿ ನಿಂತಾಗ ಬಕೆಟ್ಟು ಹೊರುವುದು ತಪ್ಪಿತೆಂದು ಸಂತೋಷಪಟ್ಟವಳೂ ನಾನೇ.

ಅವಳು ಸಣ್ಣ ಹಿಡಿಕೆಯೊಂದನ್ನು ತೆಗೆದಳು. ಅದರ ತುದಿಯಲ್ಲಿ ನೈಲಾನ್ ದಾರದ ಗಟ್ಟಿ ತುಂಡೊಂದು ನೆಟ್ಟಗೆ ನಿಂತಿತ್ತು. ಮೊದಲು ಅವರ ಮುಂಗೈಗೆ ಒತ್ತಿ ತೋರಿಸಿದಳು. "ಹೀಗೆ ಪಾದಕ್ಕೆ ಮುಟ್ಟಿಸ್ತೀನಿ. ಕಣ್ಣು ಮುಚ್ಚಿಕೊಳ್ಳಿ. ಮುಟ್ಟಿದ್ದು ಗೊತ್ತಾದಾಗ ಹೂಂ ಅನ್ನಿ. ಯಾವಾಗ ಮುಟ್ಟಿಸ್ತೀನಿ ಅಂತ ನಾನು ಹೇಳಲ್ಲ."

"ಇದೇನು ಮಹಾ!" ಎಂದು ಕಣ್ಣು ಮುಚ್ಚಿದರು.

ನಾನು ಪಕ್ಕದಲ್ಲೇ ನಿಂತಿದ್ದೆ. ಎಡಗಾಲಿನ ಹೆಬ್ಬೆರಳಿಗೆ ಅವಳು ದಾರ ಒತ್ತಿದಳು. ದಾರ ಬಾಗಿತು. ಇವರು ಸುಮ್ಮನೆ ಕೂತಿದ್ದರು, ಮುಖದ ಮೇಲೆ ಅದೇ ಜಂಬ. ನನಗೆ ತಡೆಯಲಾಗಲಿಲ್ಲ. ಸಣ್ಣಗೆ ಕೆಮ್ಮಿದೆ.

"ಹೂಂ," ಎಂದರು ತಕ್ಷಣ.

ಮತ್ತೆ ದಾರ ಬಾಗಿತು, ಮತ್ತೆ ಕೆಮ್ಮಿದೆ. "ಹೂಂ." ಮೂವತ್ತು ವರ್ಷದಲ್ಲಿ ನನ್ನ ಒಂದು ಮಾತೂ ಅರ್ಥ ಮಾಡಿಕೊಳ್ಳದ ಮನುಷ್ಯನಿಗೆ ಈ ಕೆಮ್ಮು ಒಂದೇ ಸಲಕ್ಕೆ ಅರ್ಥವಾಗಿಬಿಟ್ಟಿತು. ಇದೇನು ಸ್ಕೂಲಿನ ಪರೀಕ್ಷೆಯೇ, ನಕಲು ಮಾಡಿ ಪಾಸಾಗಲು? ಅಷ್ಟು ಬುದ್ಧಿ ನನಗೂ ಇದೆ. ಆದರೂ ಕೆಮ್ಮಿದೆ. ಅವರು ಹೂಂ ಎಂದಷ್ಟೂ ಸಲ ಕಾಲು ಸರಿಯಾಗಿಯೇ ಇದೆ ಎಂದು ನನಗೇ ಅನ್ನಿಸುತ್ತಿತ್ತು. ಎಡಪಾದದಲ್ಲಿ ಹತ್ತಕ್ಕೆ ಒಂಬತ್ತು ಬಂತು.

ಡಾಕ್ಟ್ರಮ್ಮ ದಾರ ಕೆಳಗಿಟ್ಟಳು.

"ಅಮ್ಮಾ, ನಿಮಗೆ ಎಷ್ಟು ದಿನದಿಂದ ಕೆಮ್ಮು?"

"ಅದು... ಇವತ್ತೇ, ಈಗಲೇ..."

"ಸ್ವಲ್ಪ ಹೊರಗಡೆ ಕೂತಿರಿ. ಇನ್ನೊಂದು ಸಲ ಮೊದಲಿಂದ ಮಾಡ್ತೀನಿ."

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ. ಪರದೆ ಎಳೆದಳು. ನಾನು ಆಚೆ ಬೆಂಚಿನ ಮೇಲೆ ಕೂತೆ. ಎದುರಿಗೆ ಕೂತಿದ್ದ ಹೆಂಗಸು ಏನೋ ಕೇಳಿದಳು, ನಾನು ಸುಮ್ಮನಿರಿ ಎಂದು ಕೈ ಸನ್ನೆ ಮಾಡಿದೆ. ನನ್ನ ಜೀವವೆಲ್ಲ ಕಿವಿಯಲ್ಲಿತ್ತು. ಒಂದು ಹೂಂ ಬರಲಿ ಸಾಕು, ದೇವರೇ, ಒಂದೇ ಒಂದು.

ಒಳಗೆ ಕುರ್ಚಿ ಸರಿಯಿತು. ಆಮೇಲೆ ಏನೂ ಇಲ್ಲ. ಫ್ಯಾನಿನ ಸದ್ದು. ಡಾಕ್ಟ್ರಮ್ಮ ಏನೋ ಬರೆದಳು, ಪೆನ್ನಿನ ಸದ್ದು ಕೇಳಿಸಿತು. ಮತ್ತೆ ಏನೂ ಇಲ್ಲ. ಮತ್ತೆ ಪೆನ್ನು. ಮುಟ್ಟಿಸುತ್ತಿದ್ದಾಳೋ ಇಲ್ಲವೋ, ಅವರು ಯಾಕೆ ಸುಮ್ಮನಿದ್ದಾರೆ? ಬಾಯಿಬಡುಕ, ಬೇಡದಾಗೆಲ್ಲ ಮಾತಾಡುವವರು, ಈಗ ಒಂದು ಅಕ್ಷರ ಬರುವುದಿಲ್ಲವೇ? ಗಂಟಲಲ್ಲಿ ಕೆಮ್ಮು ಬಂದು ಕೂತಿತ್ತು. ಸೆರಗು ಬಾಯಿಗೆ ಒತ್ತಿ ಹಿಡಿದೆ.

"ಹೂಂ!" ಎಂದರು ಇದ್ದಕ್ಕಿದ್ದಂತೆ, ಗಟ್ಟಿಯಾಗಿ.

ನಾನು ಎದ್ದೇ ನಿಂತೆ.

"ಇಲ್ಲ ಮಾಸ್ಟ್ರೇ, ನಾನು ಬರೀತಾ ಇದೀನಿ. ಈಗ ಮುಟ್ಟಲಿಲ್ಲ."

ಮತ್ತೆ ಪೆನ್ನು. ಎಷ್ಟೋ ಹೊತ್ತು. ಕೊನೆಗೆ ಅವರಿಗೇ ಬೇಜಾರಾಗಿರಬೇಕು. ಅಂಗಡಿಯಲ್ಲಿ ಗಿರಾಕಿಗಳನ್ನು ಗದರುವ ದನಿಯಲ್ಲೇ ಕೇಳಿದರು. "ಶುರು ಮಾಡಿ ಡಾಕ್ಟ್ರಮ್ಮ, ಎಷ್ಟೊತ್ತು ಕಣ್ಣು ಮುಚ್ಚಿಕೊಂಡಿರ್ಲಿ? ತೋಳು ಜೋಡಿಸೋದು ಹಂಗೇ ಬಿಟ್ಟು ಬಂದಿದೀನಿ."

ಅವಳು ಪೆನ್ನು ಕೆಳಗಿಟ್ಟ ಸದ್ದಾಯಿತು. "ಮುಗೀತು ಮಾಸ್ಟ್ರೇ. ಎರಡೂ ಪಾದ ಆಯ್ತು."

ನಾನು ಪರದೆ ಸರಿಸಿಕೊಂಡು ಒಳಗೆ ಹೋದೆ. ಅವರು ಇನ್ನೂ ಕಣ್ಣು ಮುಚ್ಚಿಕೊಂಡೇ ಕೂತಿದ್ದರು, ಮೊದಲನೆಯ ಸಲ ಮುಟ್ಟಲಿ ಎಂದು ಕಾಯುತ್ತ.