ಆಗದ ಕೊಲೆಗಳ ಲೆಕ್ಕ

ನಾಗೇಂದ್ರನಿಗೆ ಜಗಳ ಬಿಡಿಸುವ ಕೆಲಸ ಸಿಕ್ಕಿದೆ, ಅದಕ್ಕೆ ತಿಂಗಳ ಸಂಬಳವೂ ಉಂಟು ಎಂದಾಗ ನಂಜನಗೂಡಿನ ಅವನ ಬೀದಿಯವರು ನಕ್ಕಿದ್ದರು. ನಗದೆ ಏನು ಮಾಡಿಯಾರು? ಹರೆಯದಲ್ಲಿ ಬ್ರಾಂದಿ ಅಂಗಡಿಯ ಮುಂದೆ ಒಬ್ಬನ ಹೊಟ್ಟೆಗೆ ಚಾಕು ಹಾಕಿ, ಮೈಸೂರು ಜೈಲಿನಲ್ಲಿದ್ದು ಬಂದವನು ಅವನು. ಚಾಕು ತಿಂದವನು ಬದುಕಿದ. ನಾಗೇಂದ್ರನ ಹೆಸರು ಮಾತ್ರ ರೌಡಿ ಪಟ್ಟಿಯಲ್ಲಿ ಉಳಿಯಿತು. ಸಂಘಮಿತ್ರಾಳನ್ನು ಮದುವೆಯಾಗಿ, ಮಗಳು ಹುಟ್ಟಿ, ತಲೆ ನರೆತರೂ ಚುನಾವಣೆ ಬಂದಾಗಲೆಲ್ಲ ಠಾಣೆಗೆ ಕರೆಸಿ ಕೂರಿಸುವುದು ತಪ್ಪಲಿಲ್ಲ.

ಅವನನ್ನು ಹುಡುಕಿಕೊಂಡು ಬಂದವಳು ಶಾಲಿನಿ. ಹೊಡೆದಾಟ, ಕೊಲೆಗಳನ್ನು ಮೊದಲೇ ತಡೆಯುವುದಕ್ಕೆಂದು ಬೆಂಗಳೂರಿನ ಟ್ರಸ್ಟೊಂದು ಕೊಟ್ಟ ಅನುದಾನದಲ್ಲಿ ಅವಳ ಸಂಸ್ಥೆ ಬೈಕ್ ಗ್ಯಾರೇಜಿನ ಮೇಲೆ ಒಂದು ಕೋಣೆ ಹಿಡಿದಿತ್ತು.

"ನನ್ನಂಥೋರು ಬುದ್ಧಿ ಹೇಳಿದ್ರೆ ಹುಡುಗರು ಆಕಳಿಸ್ತಾರೆ," ಎಂದಳು. "ಒಳಗಿದ್ದು ಬಂದೋರು ಹೇಳಿದ್ರೆ ಕೇಳ್ತಾರೆ."

ಒಂದು ಕಟ್ಟುಪಾಡಿತ್ತು. ಹುಡುಗರು ಬಾಯಿಬಿಟ್ಟದ್ದು ಠಾಣೆಗೆ ಹೋಗಕೂಡದು. ಒಮ್ಮೆ ಹೋಯಿತೆಂದರೆ ಮತ್ತೆ ಯಾವ ಹುಡುಗನೂ ಹತ್ತಿರ ಸುಳಿಯುವುದಿಲ್ಲ. ಶಾಲಿನಿ ಇನ್ಸ್‌ಪೆಕ್ಟರ ಮುಂದೆ ಕೂತು, ವಾದ ಮಾಡಿ, ಅದಕ್ಕೆ ಅವರನ್ನು ಒಪ್ಪಿಸಿದ್ದಳು. ನಾಗೇಂದ್ರನಿಗೆ ಕೊರಳಿಗೆ ಹಾಕಿಕೊಳ್ಳುವ ಕಾರ್ಡು ಬಂತು. ಅದನ್ನು ಕಂಡು ಕಾನ್‌ಸ್ಟೇಬಲ್‌ಗಳು ಅವನನ್ನು 'ಏನಪ್ಪಾ' ಎನ್ನತೊಡಗಿದರು, 'ಏನ್ಲಾ' ಅನ್ನುವುದನ್ನು ಬಿಟ್ಟರು.

ಕೆಲಸ ಅವನ ಕೈಗೆ ಹತ್ತಿತು. ಕಪಾಳಕ್ಕೆ ಹೊಡೆದ ಸೂಪರ್‌ವೈಸರ್‌ಗೆ ಕಾದುಕೊಂಡು ಫ್ಯಾಕ್ಟರಿ ಗೇಟಿನ ಪಕ್ಕ ಕಬ್ಬಿಣದ ರಾಡು ಹಿಡಿದು ಕೂತಿದ್ದ ಹುಡುಗನೊಬ್ಬನನ್ನು ಹೋಟೆಲಿಗೆ ಕರೆದೊಯ್ದು, ಮುದ್ದೆ ಉಣ್ಣಿಸಿ, ಅವನು ಅತ್ತು ಮುಗಿಸುವ ತನಕ ಎದುರಿಗೆ ಕೂತಿದ್ದ. ಇಂಥವು ಎಷ್ಟೋ. ಅವು ಯಾವ ಪತ್ರಿಕೆಯಲ್ಲೂ ಬರಲಿಲ್ಲ, ಏಕೆಂದರೆ ಏನೂ ಆಗಿರಲಿಲ್ಲ.

ಅದೇ ತೊಡಕಾಯಿತು. ಟ್ರಸ್ಟಿನಿಂದ ಬಂದ ಅಧಿಕಾರಿ, ಕೇಡಿಲ್ಲದ ಮನುಷ್ಯ, ಕಾಫಿ ಕುಡಿಯುತ್ತಾ ಕೇಳಿದರು: "ಎಷ್ಟು ಕೊಲೆ ತಡೆದಿರಿ ಅಂತ ಹೇಗೆ ತೋರಿಸೋದು?"

ನಾಗೇಂದ್ರ ತಲೆ ಕೆರೆದುಕೊಂಡ. "ಆಗ್ನಿಲ್ವಲ್ಲ ಸಾ, ಎಂಗ್ ತೋರ್ಸೋದು?"

"ನನಗೆ ಅರ್ಥ ಆಗುತ್ತಪ್ಪ. ಮೇಲಿನವರಿಗೆ ಏನು ಹೇಳಲಿ?"

ಮೇಲಿನವರು ಅನುದಾನ ಮುಂದುವರಿಸಲಿಲ್ಲ. ಕೋಣೆಗೆ ಬೀಗ ಬಿತ್ತು. ಶಾಲಿನಿ ಹುಬ್ಬಳ್ಳಿಯಲ್ಲಿ ಬೇರೆ ಕೆಲಸ ಹಿಡಿದಳು. ಹಳೆಯ ಇನ್ಸ್‌ಪೆಕ್ಟರಿಗೂ ವರ್ಗವಾಯಿತು. ನಾಗೇಂದ್ರ ಕೈಗಾರಿಕಾ ಪ್ರದೇಶದಲ್ಲಿ ಲೋಡಿಂಗ್ ಕೆಲಸಕ್ಕೆ ಸೇರಿದ.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಮಲ್ಲಾಜಮ್ಮನ ಫೋನು ಬಂತು. ಅವಳು ಅದೇ ಬೀದಿಯವಳು, ಗಂಡನಿಲ್ಲದವಳು. ಒಬ್ಬನೇ ಮಗ ದೀಪಕ್ ಮೊಬೈಲ್ ಅಂಗಡಿಯಲ್ಲಿ ದುಡಿಯುತ್ತಿದ್ದ. ಹಿಂದಿನ ವಾರ ನರಸೀಪುರದ ಟೀ ಅಂಗಡಿಯ ಮುಂದೆ ಅವನ ಬೈಕು ಹೇಮಂತ್ ಎಂಬ ಗೌಡರ ಹುಡುಗನ ಬೈಕಿಗೆ ತಾಗಿತ್ತು. ಹೇಮಂತ್ ಎಲ್ಲರೆದುರು ಕೆನ್ನೆಗೆ ಬಿಗಿದು, ಜಾತಿ ಎತ್ತಿ ಬೈದಿದ್ದ. ಜೊತೆಗಿದ್ದವರು ಅದನ್ನು ವಿಡಿಯೊ ಮಾಡಿ ಊರೆಲ್ಲ ಹಂಚಿದ್ದರು.

"ನಾಗೇಂದ್ರಣ್ಣ, ನನ್ ಮಗ ಮಚ್ಚು ತಕ್ಕಂಡು ನರಸೀಪುರಕ್ಕೋದ ಕಣಣ್ಣ! ನೀನ್ ಏಳುದ್ರೆ ಕೇಳ್ತನೆ, ಓಗಣ್ಣ!"

ಜೊತೆಗಾರನ ಬೈಕು ಇಸಿದುಕೊಂಡು ಹೊರಡುವ ಮುಂಚೆ ಅಭ್ಯಾಸಬಲದಿಂದ ಶಾಲಿನಿಗೆ ಫೋನ್ ಮಾಡಿದ.

"ಒಬ್ಬರೇ ಹೋಗಬೇಡಿ," ಎಂದಳು ಅವಳು. "ಈಗ ಪ್ರಾಜೆಕ್ಟ್ ಇಲ್ಲ, ಕಾರ್ಡಿಗೆ ಬೆಲೆ ಇಲ್ಲ. ಏನಾದ್ರೂ ಆದ್ರೆ ನಿಮ್ಮ ಬೆನ್ನಿಗೆ ಯಾರೂ ಇರಲ್ಲ ನಾಗೇಂದ್ರ."

"ಅವ್ರವ್ವ ಅಳ್ತಾವ್ಳೆ ಮೇಡಂ," ಎಂದು ಅವನು ಫೋನಿಟ್ಟ.

ನರಸೀಪುರದ ಹೊಳೆದಂಡೆಗೆ ಅವನು ಮುಟ್ಟುವಷ್ಟರಲ್ಲಿ ದೀಪಕ್ ಒಂದೇಟು ಬೀಸಿಯಾಗಿತ್ತು. ಹೇಮಂತನ ಮುಂಗೈ ಸೀಳಿ ರಕ್ತ ಸುರಿಯುತ್ತಿತ್ತು. ಎರಡನೆಯ ಏಟಿಗೆ ಎತ್ತಿದ ಕೈಯನ್ನು ನಾಗೇಂದ್ರ ಹಿಂದಿನಿಂದ ಹಿಡಿದು ತಿರುಚಿ ಮಚ್ಚು ಕಿತ್ತುಕೊಂಡ. "ಓಗ್ಲಾ! ಮನೆಗೋಗು!" ದೀಪಕ್ ಒಂದು ಗಳಿಗೆ ಅವನ ಮುಖವನ್ನೇ ನೋಡಿ ಓಡಿದ. ಆಮೇಲೆ ನಾಗೇಂದ್ರ ತನ್ನ ಟವೆಲಿನಿಂದ ಹೇಮಂತನ ಕೈ ಕಟ್ಟಿ, ಆಟೊ ಕೂಗಿದ. ಆದರೆ ಅಲ್ಲಿದ್ದ ಯಾರದೋ ಫೋನಿನಲ್ಲಿ ಸಿಕ್ಕಿದ್ದು ಬೇರೆ: ನೆತ್ತರ ಮಚ್ಚು ಹಿಡಿದು ನಿಂತ ನಾಗೇಂದ್ರ, ಅವನ ಕಾಲ ಬಳಿ ಕುಸಿದ ಹುಡುಗ. ಹೊತ್ತು ಮುಳುಗುವುದರೊಳಗೆ ಅದು ಎರಡೂ ತಾಲ್ಲೂಕು ಸುತ್ತಿತು.

ಠಾಣೆಯಲ್ಲಿ ಸಬ್‌ಇನ್ಸ್‌ಪೆಕ್ಟರು ಕೇಳಿದರು: "ಕಿತ್ತುಕೊಂಡೆ ಅಂತೀಯ. ಯಾರ ಕೈಯಿಂದ?"

"ಒಬ್ಬ ಉಡ್ಗನ್ ಕೈಯಿಂದ ಸಾ."

"ಹೆಸರು?"

ನಾಗೇಂದ್ರ ನೆಲ ನೋಡಿದ.

"ಹೆಸರು ಹೇಳಿದ್ರೆ ನೀನು ಸಾಕ್ಷಿ. ಹೇಳದೇ ಇದ್ರೆ ನೀನೇ ಆರೋಪಿ. ಯೋಚ್ನೆ ಮಾಡು."

ಅವನು ಹೇಳಲಿಲ್ಲ. ಕೊಲೆ ಯತ್ನದ ಕೇಸು ಬಿತ್ತು. ಶಾಲಿನಿ ಹುಬ್ಬಳ್ಳಿಯಿಂದ ಬಂದು ಹೇಳಿಕೆ ಕೊಟ್ಟಳು. "ಅವತ್ತು ಇವನು ನಿಮ್ಮ ಸಂಸ್ಥೆ ಕೆಲಸದ ಮೇಲಿದ್ನಾ?" ಎಂದು ಪೊಲೀಸರು ಕೇಳಿದರು. ಇಲ್ಲ ಎನ್ನದೆ ಅವಳಿಗೆ ಬೇರೆ ದಾರಿಯಿರಲಿಲ್ಲ.

ಜೈಲಿಗೆ ಬಂದ ಸಂಘಮಿತ್ರಾ ಕಂಬಿಯ ಆಚೆ ನಿಂತು ಗದರಿದಳು. "ಎಸ್ರು ಏಳ್ಬುಡು. ಮಗಳು ಸ್ಕೂಲ್‌ಗೋಗಲ್ಲ ಅಂತ ಕುಂತವ್ಳೆ. ಆ ವಿಡಿಯೊ ಎಲ್ರೂ ನೋಡವ್ರೆ."

"ಒಳಗ್ ಬಂದ್ರೆ ಆ ಉಡ್ಗ ನನ್ನಂಗಾಯ್ತನೆ ಕಣೇ."

"ನಿನ್ನಂಗಾದ್ರೆ ಏನಾಯ್ತು? ಬದ್ಕಿಲ್ವಾ ನೀನು?"

ಅವನು ಮಾತು ತಿರುಗಿಸಿದ. "ಆ ಏಮಂತ ಏನ್ ಏಳಿಕೆ ಕೊಟ್ನಂತೆ?"

"ಒಡೆದೋನ್ ಮುಖ ಕಾಣ್ನಿಲ್ಲ ಅಂದ್ನಂತೆ."

ನಾಗೇಂದ್ರ ಕಂಬಿ ಹಿಡಿದುಕೊಂಡ. ನಡುಹಗಲಲ್ಲಿ, ಮಾರುದೂರದಲ್ಲಿ ನಿಂತವನ ಮುಖ ಕಾಣಲಿಲ್ಲವೆಂದರೆ ಏನರ್ಥ? ಪೊಲೀಸರಿಗೆ ಒಪ್ಪಿಸಲು ಅವನಿಗೆ ಮನಸ್ಸಿಲ್ಲ, ತಾನೇ ತೀರಿಸಿಕೊಳ್ಳುತ್ತಾನೆ ಎಂದರ್ಥ. ಹರೆಯದಲ್ಲಿ ತಾನೂ ಹಾಗೆಯೇ ಹೇಳುತ್ತಿದ್ದ.

"ದೀಪಕ್‌ನ ಊರಲ್ಲಿ ಮಡೀಕಬ್ಯಾಡ ಅಂತ ಅವ್ರವ್ವುಂಗೆ ಏಳು. ತಾಂಡವಪುರದಲ್ಲಿ ಅವ್ರ ಸೋದರಮಾವ ಅವ್ನಲ್ಲ, ಅಲ್ಲಿಗ್ ಕಳ್ಸಲಿ. ಇವತ್ತೇ."

ಕಳಿಸಿದರು. ಆದರೂ ನಾಗೇಂದ್ರನಿಗೆ ನಿದ್ದೆ ಹತ್ತಲಿಲ್ಲ. ಹೆಸರು ಹೇಳಿಬಿಟ್ಟರೆ ಹುಡುಗ ಒಳಗೆ ಬರುತ್ತಾನೆ. ಕೆಡುತ್ತಾನೆ, ಆದರೆ ಉಳಿಯುತ್ತಾನೆ. ಎಷ್ಟೋ ಸಲ ಮಾತು ನಾಲಿಗೆಯ ತುದಿಗೆ ಬಂತು. ಊರು ಬಿಟ್ಟಿದ್ದಾನಲ್ಲ, ಎಲ್ಲ ತಣ್ಣಗಾಗಬಹುದು ಎಂದು ನುಂಗಿಕೊಂಡ. ಹೊರಗಿದ್ದಿದ್ದರೆ ಹೇಮಂತನ ಮನೆಗೇ ಹೋಗಿ ಜಗಲಿಯ ಮೇಲೆ ಕೂತಿರುತ್ತಿದ್ದ, ಬೈದರೂ ಏಳುತ್ತಿರಲಿಲ್ಲ. ಈಗ ಹೋಗುವವರು ಯಾರು?

ದೀಪಕ್‌ಗೆ ಸೋದರಮಾವನ ಮನೆಯಲ್ಲಿ ಬೇಜಾರಾಯಿತು. ಅಷ್ಟೇ ಕಾರಣ. ಅಂಗಡಿಗೆ ಹೋಗುತ್ತೇನೆಂದು ಬೆಳಗ್ಗೆ ಬೈಕು ಹತ್ತಿ ಹೊರಟವನನ್ನು ಊರು ದಾಟುತ್ತಲೇ ಕಬ್ಬಿನ ಗದ್ದೆಯ ಪಕ್ಕ ಕಾರು ಅಡ್ಡ ಹಾಕಿ ಕೊಂದರು. ಹೇಮಂತ್ ಮತ್ತು ಅವನ ಗೆಳೆಯರು ಸಂಜೆಯೊಳಗೆ ತಾವೇ ಶರಣಾದರು. ಹೇಮಂತನ ಬ್ಯಾಂಡೇಜ್ ಇನ್ನೂ ಬಿಚ್ಚಿರಲಿಲ್ಲ.

ನಾಗೇಂದ್ರನಿಗೆ ಜಾಮೀನು ಸಿಕ್ಕಿದ್ದು ದೀಪಕ್‌ನ ತಿಥಿ ಮುಗಿದ ಮೇಲೆ. ನರಸೀಪುರಕ್ಕೆ ಕಾಲಿಡಬಾರದು, ಗುಂಪು ಸೇರಬಾರದು ಎಂಬ ಷರತ್ತು. ಮನೆಗೆ ಬಂದ ದಿನವೇ ಮಲ್ಲಾಜಮ್ಮ ಬಂದಳು. ಅಳಲಿಲ್ಲ. ಬಾಗಿಲ ಬಳಿ ಗೋಡೆಗೊರಗಿ ಕೂತು ಕೇಳಿದಳು.

"ನೀನು ಎಸ್ರು ಏಳಿದ್ರೆ, ಒಳಗಿದ್ದಾದ್ರೂ ಉಳೀತಿದ್ದ. ಅಲ್ವಾ ನಾಗೇಂದ್ರಣ್ಣ?"

ಸಂಘಮಿತ್ರಾ ಏನೋ ಹೇಳಹೋದಳು. ನಾಗೇಂದ್ರ ಕೈಸನ್ನೆಯಿಂದ ತಡೆದ.

"ಊ ಕಣವ್ವ," ಎಂದ. "ಉಳೀತಿದ್ದ."

ಮಲ್ಲಾಜಮ್ಮ ತಲೆಯಾಡಿಸಿ ಎದ್ದಳು. ಹೊಸಿಲು ದಾಟುವಾಗ ತಿರುಗದೆಯೇ ಹೇಳಿದಳು: "ನನ್ ಮಗನ್ ಜೊತೆಗಾರ್ರು ಸಮುದಾಯ ಭವನದ ಇಂದೆ ಸೇರವ್ರೆ. ಅವ್ರಲ್ಲಿ ಬೆಟ್ಟಸ್ವಾಮಿ ಸೇಡು ಗೀಡು ಅಂತ ಏನೇನೋ ಮಾತಾಡ್ತಾವ್ನೆ. ಇನ್ನೊಬ್ಳು ತಾಯಿ ನನ್ನಂಗೆ ಕೂರೋದು ಬ್ಯಾಡ."

ನಾಗೇಂದ್ರ ಚಪ್ಪಲಿ ಮೆಟ್ಟಿಕೊಂಡ. "ಗುಂಪು ಸೇರ್ಬ್ಯಾಡ ಅಂದವ್ರೆ," ಎಂದು ಸಂಘಮಿತ್ರಾ ಅವನ ಅಂಗಿ ಹಿಡಿದಳು. ಅವನು ಮೆಲ್ಲಗೆ ಅವಳ ಬೆರಳು ಬಿಡಿಸಿದ.

ಭವನದ ಹಿಂದೆ ಹುಡುಗರು ವೃತ್ತವಾಗಿ ಕೂತಿದ್ದರು. ಅವನನ್ನು ಕಂಡು ಮಾತು ನಿಂತಿತು. ಬೆಟ್ಟಸ್ವಾಮಿ ತುಟಿ ಕೊಂಕಿಸಿದ.

"ಈಗ್ಯಾವ ಪ್ರಾಜೆಕ್ಟಣ್ಣ?"

"ಯಾವ್ದೂ ಇಲ್ಲ ಕಣ್ಲಾ."

"ಮತ್ಯಾಕ್ ಬಂದೆ?"

ಯಾರೂ ಜಾಗ ಬಿಡಲಿಲ್ಲ. ನಾಗೇಂದ್ರ ಅವರ ನಡುವೆ ಮಣ್ಣಲ್ಲೇ ಕೂತ. ಒಬ್ಬ ಹುಡುಗ ಉಗಿದು ಮುಖ ತಿರುಗಿಸಿದ. ಬೆಟ್ಟಸ್ವಾಮಿ ಎರಡು ಸಲ ಎದ್ದು ಎರಡು ಸಲ ಕೂತ. ನಾಗೇಂದ್ರ ಇರುವಷ್ಟು ಹೊತ್ತು ಯಾರೂ ಸೇಡಿನ ಮಾತೆತ್ತಲಿಲ್ಲ, ಯಾರೂ ಎದ್ದೂ ಹೋಗಲಿಲ್ಲ.