ಅರಳಿಹಟ್ಟಿ ತಿರುವು ಕಂಡ ಲೆವೆಲ್

ನಾನು ಒಂದು ಡಂಪಿ ಲೆವೆಲ್. ನೆಲದ ಏರುತಗ್ಗು ಅಳೆಯುವ ಹಿತ್ತಾಳೆಯ ದೂರದರ್ಶಕ. ನನ್ನ ಮೈಮೇಲೆ ಕೊರೆದ ಇಸವಿ 1968. ಕಾರ್ಖಾನೆಯಲ್ಲಿ ನನಗೆ ಮಸೂರ ಜೋಡಿಸಿದ ಮುದುಕ ಕೊನೆಗೊಮ್ಮೆ ಕಿಟಕಿಯಾಚೆಯ ಬೇವಿನ ಮರವನ್ನು ನೋಡಿದ. ಅದು ಬುಡ ಮೇಲಾಗಿ ಕಂಡಿತು. ಅವನು ತೃಪ್ತಿಯಿಂದ ತಲೆಯಾಡಿಸಿದ. ನನ್ನಂಥ ಯಂತ್ರಗಳಲ್ಲಿ ಲೋಕ ತಲೆಕೆಳಗಾಗಿಯೇ ಕಾಣುತ್ತದೆ, ಅದು ದೋಷವಲ್ಲ.

ನನ್ನ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ನನಗೆ ಕಣ್ಣಿಟ್ಟು ಓದಬೇಕು. ಇನ್ನೊಬ್ಬರು ದೂರದಲ್ಲಿ ಅಂಕಿ ಬರೆದ ಉದ್ದನೆಯ ಪಟ್ಟಿಯನ್ನು ನಿಲ್ಲಿಸಿಕೊಂಡು ಮೆಲ್ಲಗೆ ಹಿಂದೆ ಮುಂದೆ ತೂಗಬೇಕು. ಆ ಪಟ್ಟಿಗೆ ಸ್ಟಾಫ್ ಎನ್ನುತ್ತಾರೆ. ತೂಗುವಾಗ ಕಾಣುವ ಅತಿ ಕಡಿಮೆ ಅಂಕಿಯೇ ಸರಿಯಾದ ಅಂಕಿ. ಓದುವವರು ಕೈ ಎತ್ತಿ ಸಾಕು ಎಂದು ಸನ್ನೆ ಮಾಡುವವರೆಗೆ ಸ್ಟಾಫ್ ಹಿಡಿದವರು ಜಾಗ ಬಿಡುವಂತಿಲ್ಲ.

ಮೊದಲ ಇಪ್ಪತ್ತು ವರ್ಷ ನಾನು ಕಾಲುವೆಗಳ ಮೇಲೆ ದುಡಿದೆ. ಆಮೇಲೆ ಹರಾಜಿನಲ್ಲಿ ದೊಡ್ಡಮನಿ ಸಾಹೇಬರ ಕೈಗೆ ಬಂದೆ. ಅವರದು ರಸ್ತೆಗಳ ನಕ್ಷೆ ಮಾಡಿಕೊಡುವ ಸಣ್ಣ ಕಚೇರಿ. 1994ರ ಏಪ್ರಿಲ್‌ನಲ್ಲಿ ಅಲ್ಲಿಗೆ ಮಹಾನಂದಾ ಹೂಗಾರ ಬಂದಳು. ವಯಸ್ಸು ಇಪ್ಪತ್ಮೂರು, ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಒಂಬತ್ತು ತಿಂಗಳು. ಘಟಪ್ರಭೆಯ ದಂಡೆಯ ಅರಳಿಹಟ್ಟಿ ರಸ್ತೆ ಅವಳ ಮೊದಲ ಕೆಲಸ. ಅಲ್ಲಿದ್ದ ಲಂಬಕೋನದ ತಿರುವನ್ನು ನಯವಾದ ವಕ್ರಕ್ಕೆ ತರಬೇಕಿತ್ತು.

ಸ್ಟಾಫ್ ಹಿಡಿದದ್ದು ಅದೇ ಊರಿನ ಲಗಮಪ್ಪ. ತಿರುವಿನ ಒಳಮಗ್ಗುಲಿನ ಹೊಲ ಅವನದೇ. ನನ್ನೊಳಗೆ ಮೊದಲ ಬಾರಿ ಅವನನ್ನು ಕಂಡಾಗ ಮಹಾನಂದಾ ನಕ್ಕಳು.

"ಲಗಮಣ್ಣ, ನೀ ಆಕಾಶಕ್ಕ ಕಾಲು ಕೊಟ್ಟು ನಿಂತಿದಿ ನೋಡು."

"ಹಂಗಾರ ರೊಕ್ಕ ಉದುರಿದ್ರ ನಿಮ್ಮ ಕಡೀಗೇ ಬೀಳ್ತಾವ್ರಿ ಬಾಯಾರ, ಹಿಡ್ಕೋರಿ!"

ಅವಳು ನನ್ನನ್ನು ನೆಲದಿಂದ 1.2 ಮೀಟರ್ ಎತ್ತರಕ್ಕೆ ಇಳಿಸಿದಳು. ಚಾಲಕನ ಕಣ್ಣು ಇರುವ ಎತ್ತರ ಅದು. ಮೊಣಕಾಲೂರಿ ನೋಡಿದಳು. ಈ ತಿರುವಿನಲ್ಲಿ ಬ್ರೇಕ್ ಹಾಕಿ ನಿಲ್ಲಲು ಅರವತ್ತು ಮೀಟರ್ ಮುಂದಿನದು ಕಾಣಬೇಕು. ಟೇಪಿನಲ್ಲಿ ಅಳೆದರೆ ಲಗಮಪ್ಪ ಅರವತ್ಮೂರು ಮೀಟರ್ ದೂರದಲ್ಲಿದ್ದ. ಪೂರ್ತಿ ಕಾಣುತ್ತಿದ್ದ. ಫೀಲ್ಡ್ ಬುಕ್ಕಿನಲ್ಲಿ ಬರೆದಳು: ನೋಟಕ್ಕೆ ಅಡಚಣೆ ಇಲ್ಲ.

"ಹೊಲದಾಗ ಗೂಟ ಬಡೀತೀರೇನ್ರಿ?" ಎಂದು ಅವನು ಕೇಳಿದ. ಈ ಬಾರಿ ನಗಲಿಲ್ಲ. ಗೂಟ ಬಿದ್ದಷ್ಟು ನೆಲ ರಸ್ತೆಗೆ ಹೋಗುತ್ತದೆ.

"ಬ್ಯಾಡ ಬಿಡು. ಈಗಿದ್ದ ಜಾಗದಾಗೇ ಕೂಡ್ತೈತಿ."

ಅವನು ಎರಡೂ ಕೈ ಜೋಡಿಸಿದ. ಅದನ್ನೂ ನಾನು ತಲೆಕೆಳಗಾಗಿಯೇ ಕಂಡೆ. ನಮ್ಮ ನಡುವಿನ ಹೊಲದಲ್ಲಿ ಬರೀ ಕೂಳೆ ಇತ್ತು. ಹದಿನೈದು ದಿನದ ಹಿಂದಷ್ಟೇ ಕಬ್ಬು ಕಡಿದು ಹೋಗಿದ್ದರು. ಅದನ್ನು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ರಸ್ತೆ ಮರುವರ್ಷ ಆಯಿತು. ಆ ನವೆಂಬರಿನಲ್ಲಿ ಕಬ್ಬು ಹತ್ತಡಿ ನಿಂತು ರಸ್ತೆಯ ಅಂಚಿಗೆ ಬಾಗಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಲಗಮಪ್ಪ ತನ್ನ ಹೊಲದ ದಾರಿಯಿಂದ ಸೈಕಲ್ ಏರಿ ತಿರುವಿಗೆ ಬಂದ. ಎದುರಿಗೆ ಬಂದ ಟ್ರ್ಯಾಕ್ಟರ್‌ನವನಿಗೆ ಅವನು ಕಂಡದ್ದು ತೀರಾ ತಡವಾಗಿ. ಲಗಮಪ್ಪ ಅಲ್ಲೇ ತೀರಿಕೊಂಡ.

ಮಹಾನಂದಾ ತನ್ನ ನಕ್ಷೆ ಬಿಚ್ಚಿಕೊಂಡು ದೊಡ್ಡಮನಿ ಸಾಹೇಬರ ಮುಂದೆ ನಿಂತಾಗ ನಾನು ಅದೇ ಮೇಜಿನ ಮೇಲಿದ್ದೆ.

"ಕಬ್ಬು ನಿನ್ನ ಡ್ರಾಯಿಂಗ್‌ದಾಗ ಐತೇನವ್ವ? ಇಲ್ಲಲ್ಲ? ಸುಮ್ನ ಕುಂದ್ರು. ಈಗಷ್ಟ ನೌಕರಿ ಶುರು ಮಾಡಿದಾಕಿ ನೀ."

"ಇರಬೇಕಿತ್ರಿ ಸರ್. ಅದs ತಪ್ಪು."

ಮರುದಿನ ಯಾರ ಅಪ್ಪಣೆಯನ್ನೂ ಕೇಳದೆ ಅವಳು ನನ್ನನ್ನೂ ಸ್ಟಾಫನ್ನೂ ಹೊತ್ತು ಬಸ್ಸು ಹತ್ತಿದಳು. ಅರಳಿಹಟ್ಟಿಯಲ್ಲಿ ಸ್ಟಾಫ್ ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಬಂದವಳು ಲಗಮಪ್ಪನ ಹೆಂಡತಿ ಬಾಳವ್ವ.

ಮತ್ತೆ ಅದೇ ಜಾಗ, ಅದೇ 1.2 ಮೀಟರ್. ಬಾಳವ್ವ ಅರವತ್ಮೂರು ಮೀಟರ್ ದೂರ ಹೋಗಿ ನಿಂತಳು. ನನ್ನ ತುಂಬ ಕಬ್ಬಿನ ಗರಿ. ಅದರಾಚೆಯಿಂದ ದನಿ ಮಾತ್ರ ಬಂತು.

"ಕಾಣ್ತೀನೇನ್ರಿ?"

"ಇಲ್ರೀ. ಒಂದೀಟು ಮುಂದ ಬರ್ರಿ."

ಐವತ್ತು ಮೀಟರ್.

"ಈಗ?"

"ಇಲ್ಲ."

"ಈಗರೆ ಕಂಡೆನೇನವ್ವ?"

ಮಹಾನಂದಾಳ ರೆಪ್ಪೆ ನನ್ನ ಗಾಜಿಗೆ ತಾಗುತ್ತಿತ್ತು, ಗಾಜು ಒದ್ದೆಯಾಗಿತ್ತು. ಹಸಿರಿನ ಅಂಚಿನಿಂದ ಮೊದಲು ಸ್ಟಾಫು, ಆಮೇಲೆ ಒಂದು ಬಳೆಯಿಲ್ಲದ ಕೈ ಇಳಿಬಿದ್ದಂತೆ ಕಂಡಿತು. ಟೇಪು ಹೇಳಿತು: ಮೂವತ್ತೆಂಟು ಮೀಟರ್.

ಬಾಳವ್ವ ಹತ್ತಿರ ಬಂದು ಹೊಲದ ಕಡೆ ನೋಡಿದಳು. "ಅವ್ರಿಗೆ ಗೊತ್ತಿತ್ರಿ. ಅಳತಿ ಮಾಡಿದ ದಿನಾನs ನನ್ನ ಮುಂದ ಅಂದಿದ್ರು, ಬಾಯಾರು ಕಬ್ಬಿನ ಸುದ್ದಿ ಕೇಳ್ಲಿಲ್ಲ, ಹೊಲ ಉಳೀತು ಅಂತ."

"ನಾ ಕೇಳಬೇಕಿತ್ತವ್ವ."

"ಎಷ್ಟು ನೆಲ ಬೇಕು?" ಎಂದು ಬಾಳವ್ವ ಕೇಳಿದಳು.

"ಮೂರು ಮೀಟರ್ ಪಟ್ಟಿ. ತಿರುವಿನ ಉದ್ದಕ್ಕೂ."

"ಬಡೀರಿ ಗೂಟ."

ಮಹಾನಂದಾ ತನ್ನ ಹೆಸರಿನಲ್ಲೇ ರಸ್ತೆ ಇಲಾಖೆಗೆ ಪತ್ರ ಬರೆದಳು: ತಪ್ಪು ನನ್ನದು, ಸರ್ವೆ ಮಾಡಿದ್ದು ಬೋಳು ಹೊಲದ ಮೇಲೆ. ಎಂಟು ತಿಂಗಳ ಮೇಲೆ ಆ ಪಟ್ಟಿ ರಸ್ತೆಗೆ ಸೇರಿತು. ಅಂದಿನಿಂದ ಅವಳ ಫೀಲ್ಡ್ ಬುಕ್ಕಿನ ಪ್ರತಿ ಪುಟದಲ್ಲೂ ಕೈಯಿಂದ ಗೆರೆ ಎಳೆದ ಮೂರು ಅಂಕಣ ಇರುತ್ತಿದ್ದವು: ತಿಂಗಳು, ಬೆಳೆ, ಬೆಳೆಯ ಪೂರ್ತಿ ಎತ್ತರ.

ಈಗ ಎಲ್ಲವನ್ನೂ ನೆಟ್ಟಗೆ ತೋರಿಸುವ ಯಂತ್ರಗಳು ಬಂದಿವೆ. ಸಾಹೇಬರ ಕಚೇರಿ ಮಹಾನಂದಾಳ ಕಚೇರಿಯಾಗಿದೆ. ನಾನು ಅಲ್ಲಿಯ ಕಪಾಟಿನ ಕೆಳಗಿನ ಅಂಕಣದಲ್ಲಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಅವಳು ಮೊದಲ ದಿನ ನನ್ನ ಮುಂದೆ ಕೂರಿಸುತ್ತಾಳೆ. ಅವರು ಬೀದಿಯಾಚೆಯ ಗೋಡೆ ನೋಡಿ, ಎಲ್ಲ ಸ್ಪಷ್ಟವಾಗಿದೆ ಮೇಡಂ ಎನ್ನುತ್ತಾರೆ.

"ಇದು ಯಾವ ತಿಂಗಳು?" ಎಂದು ಅವಳು ಕೇಳುತ್ತಾಳೆ.

ಅವರು ಹೋದ ಮೇಲೆ ನನ್ನ ಕಣ್ಣಿಗೆ ಮುಚ್ಚಳ ಹಾಕುತ್ತಾಳೆ. ಕತ್ತಲೆಯಲ್ಲಿ ಕಾಣಬಾರದು, ಗಾಜಿನ ನಿಯಮ ಅದು. ಆದರೂ ಅರವತ್ಮೂರು ಮೀಟರ್ ದೂರದಲ್ಲಿ ಆಕಾಶಕ್ಕೆ ಕಾಲು ಕೊಟ್ಟು ಒಬ್ಬ ನಿಂತಿರುತ್ತಾನೆ. ಸ್ಟಾಫನ್ನು ಮೆಲ್ಲಗೆ ಹಿಂದೆ ಮುಂದೆ ತೂಗುತ್ತಿರುತ್ತಾನೆ. ಸಾಕು ಎಂದು ಕೈ ಎತ್ತಲು ನನಗೆ ಕೈಯಿಲ್ಲ.