ಎಂಬುಯಿ ಕೇಳಿದ ಹೆಸರು

ಸೀತಾಬಾಯಿಯ ಮಗನಿಗೆ ಲವ ಎಂದಲ್ಲದೆ ಇನ್ನೇನು ಹೆಸರಿಡುತ್ತಾರೆ? ಧಾರವಾಡದಿಂದ ಹಿಡಿದು ಹ್ಯೂಸ್ಟನ್ನಿನ ಕನ್ನಡಿಗರವರೆಗೆ ಜನ ನನ್ನನ್ನು ಕಂಡ ಕೂಡಲೇ ‘ಕುಶ ಎಲ್ಲಿ?’ ಎಂದು ಹಲ್ಲು ಕಿರಿಯುತ್ತಾರೆ. ತಾವೇ ಮೊದಲು ಕಂಡುಹಿಡಿದ ಜೋಕು ಎಂಬ ಹೆಮ್ಮೆ ಬೇರೆ. ‘ಕಾರ್ ಪಾರ್ಕ್ ಮಾಡಾಕ ಹೋಗ್ಯಾನ’ ಎನ್ನುವುದನ್ನು ನಾನೂ ರೂಢಿ ಮಾಡಿಕೊಂಡಿದ್ದೆ. ಅವ್ವ ಮಾತ್ರ ಅಂಥ ಹೊತ್ತಿನಲ್ಲಿ ಏನೋ ಕೆಲಸ ನೆನಪಾದವಳಂತೆ ಒಳಗೆ ಹೋಗುತ್ತಿದ್ದಳು.

ಅವಳು ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನ ನಮ್ಮ ಮನೆಗೆ ಬಂದಿದ್ದ 2016ರ ಬೇಸಿಗೆಯಲ್ಲಿ ನನ್ನ ಆಫೀಸಿನ ಎಂಬುಯಿಯನ್ನು ಊಟಕ್ಕೆ ಕರೆದೆ. ಎಂಬುಯಿ ಕಾಂಗೋ ದೇಶದ ಕಸಾಯಿ ಸೀಮೆಯವಳು, ಮನೆಮಾತು ಚಿಲೂಬಾ. ಜೋಳದ ರೊಟ್ಟಿಯನ್ನು ಕೈಯಿಂದಲೇ ಮುರಿದು ಎಣ್ಣೆಗಾಯಿಗೆ ಅದ್ದಿದ್ದೇ ತಡ, ಅವ್ವನಿಗೆ ಅವಳು ಹಿಡಿಸಿಬಿಟ್ಟಳು. ಅವ್ವನಿಗೆ ಇಂಗ್ಲಿಷ್ ಬಾರದು. ನಡುವೆ ಕೂತು ದುಭಾಷಿಯಾಗುವ ಕೆಲಸ ನನ್ನದು.

ಅವಳ ಹೆಸರಿನ ಅರ್ಥವೇನೆಂದು ಅವ್ವ ನನ್ನಿಂದ ಕೇಳಿಸಿದಳು. ತಮ್ಮಲ್ಲಿ ಅವಳಿ ಮಕ್ಕಳಲ್ಲಿ ಮೊದಲು ಹುಟ್ಟಿದ್ದು ಎಂಬುಯಿ, ಎರಡನೆಯದು ಕಬಂಗಾ. ಹೆಸರು ಕೇಳಿದರೆ ಸಾಕು, ಚಿಲೂಬಾ ಆಡುವ ಮಂದಿ ಇನ್ನೊಬ್ಬರು ಎಲ್ಲಿ ಎನ್ನುತ್ತಾರೆ ಎಂದಳು ಎಂಬುಯಿ. ನನಗೆ ನಗು ಬಂತು. ನನ್ನ ಪಾಡೇ ಅವಳದೂ. ಆದರೆ ಅವಳ ಕಬಂಗಾ ಹಸುಗೂಸಾಗಿದ್ದಾಗಲೇ ತೀರಿಕೊಂಡನಂತೆ. ಊರವರು ಅವಳ ತಾಯಿಯನ್ನು ಇವತ್ತಿಗೂ ಮ್ವಾಂಬುಯಿ, ಅಂದರೆ ಅವಳಿಗಳ ತಾಯಿ, ಎಂದೇ ಕರೆಯುತ್ತಾರಂತೆ. ಒಂದು ಮಗು ಹೋದರೂ ಆ ಹೆಸರು ಹೋಗುವುದಿಲ್ಲವಂತೆ.

ಅದನ್ನೂ ಕನ್ನಡದಲ್ಲಿ ಹೇಳಿದೆ. ಅವ್ವ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

“ಆಕಿಗೆ ಹೇಳು, ನಾನೂ ಮ್ವಾಂಬುಯಿ.”

ಅಲ್ಲಿಯವರೆಗಿನ ಓಘದಲ್ಲಿ ಅದನ್ನೂ ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟೆ. ಹೇಳಿ ಮುಗಿದ ಮೇಲೆಯೇ ಅವ್ವ ಅಂದದ್ದೇನೆಂದು ಹೊಳೆದು ಅವಳ ಕಡೆ ತಿರುಗಿದೆ.

“ಮೂರು ತಿಂಗಳಿದ್ದ. ನಿನ್ನ ಮಗ್ಗಲಾಗ ಮಲಗತಿದ್ದ,” ಎಂದಳು ಅವ್ವ, ನನ್ನ ಮುಖ ನೋಡದೆ. “ನಿಮ್ಮಪ್ಪ ಹೇಳಬ್ಯಾಡ ಅಂದ್ರು. ಆಮ್ಯಾಲ ಹೆಂಗ ಹೇಳೂದು ತಿಳೀಲಿಲ್ಲ.”

ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಕಾರ್ ಪಾರ್ಕ್ ಮಾಡಾಕ ಹೋಗ್ಯಾನ ಎಂದು ನಾನು ಮಂದಿಯನ್ನು ನಗಿಸುತ್ತಿದ್ದಾಗ ಇವಳು ಒಳಗೆ ಏನು ಮಾಡುತ್ತಿದ್ದಳು? ಎಂಬುಯಿ ಆಗಲೇ ಎದ್ದು ಹೋಗಿ ಅವ್ವನ ಎರಡೂ ಕೈ ಹಿಡಿದುಕೊಂಡಿದ್ದಳು. ಆ ಮಗುವಿನ ಹೆಸರೇನಿತ್ತು ಎಂದು ನನ್ನ ಕಡೆ ತಿರುಗಿ ಕೇಳಿದಳು.

ಅದನ್ನು ಅವ್ವನಿಗೆ ಕನ್ನಡದಲ್ಲಿ ಕೇಳುವ ಅಗತ್ಯವಿರಲಿಲ್ಲ.

“ಕುಶ,” ಎಂದೆ.